ಸಗರನಾಡಿನ ಸಾಲಿಗುಡಿಗೆ ಬಂದವರು

ಹುಣಸಗಿ ಸಮೀಪದ ಇಸಾಂಪುರದಲ್ಲಿ ಒಂದು ಹೊಲವಿದೆ. ನೋಡಲು ಸಗರನಾಡಿನ ಬೇರೆ ಯಾವ ಹೊಲಕ್ಕಿಂತಲೂ ಭಿನ್ನವಲ್ಲ. ಆದರೆ ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಲ್ಲಿ ಅಗೆದಾಗ ಬೆಳಕಿಗೆ ಬಂದದ್ದು ಆದಿಮಾನವನ ಕಲ್ಲಿನ ಕಾರ್ಖಾನೆ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಎಬ್ಬಿಸಿ, ಒಡೆದು, ಅಂಚು ಕೆತ್ತಿ ಕೈಗೊಡಲಿಗಳನ್ನು ಮಾಡುತ್ತಿದ್ದ ಆ ತಾಣದ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಅಂದಾಜಿಸಲಾಗಿದೆ. ಎಲ್ಲಿ ಹೊಡೆದರೆ ಕಲ್ಲು ಹೇಗೆ ಸೀಳುತ್ತದೆ ಎಂಬ ತಿಳಿವಳಿಕೆ ಹುಟ್ಟಿನಿಂದ ಬರುವಂಥದ್ದಲ್ಲ. ಹಿರಿಯರ ಕೈಯನ್ನು ನೋಡುತ್ತ ಕಿರಿಯರು ಕಲಿಯಬೇಕು. ಹಾಗೆ ಎಣಿಸಿದರೆ ಕನ್ನಡ ನೆಲದ ಅತಿ ಪ್ರಾಚೀನ ಪಾಠಶಾಲೆಗಳಲ್ಲೊಂದು ನಡೆದದ್ದು ಇಲ್ಲಿಯೇ, ಗೋಡೆಯಿಲ್ಲದೆ, ಘಂಟೆಯಿಲ್ಲದೆ.

ಅದೇ ನೆಲವಿರುವ ಯಾದಗಿರಿ 2011ರ ಜನಗಣತಿಯಲ್ಲಿ ರಾಜ್ಯದ ಅತ್ಯಂತ ಕಡಿಮೆ ಸಾಕ್ಷರತೆಯ ಜಿಲ್ಲೆಯೆಂದು ದಾಖಲಾಯಿತು. ರಾಜ್ಯದ ಸರಾಸರಿ ಶೇ 75 ದಾಟಿದ್ದಾಗ ಯಾದಗಿರಿಯದು ಶೇ 51.83. ಈ ಎರಡು ಸಂಗತಿಗಳ ನಡುವಿನ ಅಂತರವನ್ನು ತುಂಬಲು ಕಳೆದ ಎರಡು ದಶಕಗಳಲ್ಲಿ ದೂರದೂರಿನ ತರುಣ ತರುಣಿಯರು ಇಲ್ಲಿಗೆ ಬರುತ್ತಿದ್ದಾರೆ, ಊರಿನವರೇ ಮುಂದೆ ಬರುತ್ತಿದ್ದಾರೆ. ಶಾಲೆಯನ್ನು ಇಲ್ಲಿ 'ಸಾಲಿಗುಡಿ' ಎನ್ನುತ್ತಾರೆ. ದೇವರ ಮನೆಗೂ ಅಕ್ಷರದ ಮನೆಗೂ ಒಂದೇ 'ಗುಡಿ'ಯನ್ನು ಕೊಟ್ಟ ಜನಪದದ ಈ ಔದಾರ್ಯಕ್ಕೆ ತಕ್ಕ ಶಾಲೆಗಳು ಮಾತ್ರ ಬಹುಕಾಲ ಸಿಗಲಿಲ್ಲ.

ಕೃಷ್ಣೆ, ಭೀಮೆಯರ ನಡುವೆ ಹರಡಿರುವ ಶಹಾಪುರ, ಸುರಪುರ ಸೀಮೆಗೆ ಸಗರನಾಡು ಎಂಬ ಹೆಸರು ಹಳೆಯದು. ಶಹಾಪುರಕ್ಕೆ ಹೋಗುವ ದಾರಿಯಲ್ಲಿ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲವೂ ಸ್ಪಷ್ಟ. ಸುರಪುರದ ಬೆಟ್ಟಗಳ ಮಡಿಲಲ್ಲಿ ನಾಯಕ ಅರಸರ ರಾಜಧಾನಿ, ಅವರ ಆಶ್ರಯದಲ್ಲಿ ಅರಳಿದ ಚಿತ್ರಕಲೆ. ಯಾದಗಿರಿಯ ಗುಡ್ಡದ ಮೇಲೆ ಕೋಟೆ, ಊರಿನಲ್ಲಿ ಮುಂಬೈ-ಚೆನ್ನೈ ಮಾರ್ಗದ ರೈಲು ನಿಲ್ದಾಣ. ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ಮೈಲಾಪುರದ ಮಲ್ಲಯ್ಯ ಹೀಗೆ ಜಾತ್ರೆಗಳಿಗೂ ಕೊರತೆಯಿಲ್ಲ. ಇಷ್ಟೆಲ್ಲ ಇದ್ದೂ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ಲೆಕ್ಕ ಒಪ್ಪಿಸಿದಾಗ ಯಾದಗಿರಿ, ಶಹಾಪುರ, ಸುರಪುರ ಮೂರೂ 'ಅತ್ಯಂತ ಹಿಂದುಳಿದ' ತಾಲ್ಲೂಕುಗಳ ಪಟ್ಟಿಯಲ್ಲಿದ್ದವು. ಯಾದಗಿರಿ ಆಗ ಇನ್ನೂ ಕಲಬುರಗಿ ಜಿಲ್ಲೆಯ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ರಂದು.

ಅಪ್ಪಾ ಎನಿಸಿಕೊಂಡ ಪರದೇಶಿ

ಹೊರಗಿನಿಂದ ಬಂದು ಇಲ್ಲಿನ ಒಂದು ಮಗುವಿನ ವಿದ್ಯಾಭ್ಯಾಸಕ್ಕೆ ಹೆಗಲು ಕೊಟ್ಟವರ ಕಥೆ ಹೇಳಹೊರಟರೆ ಮೊದಲ ಹೆಸರು ವಿಚಿತ್ರವೆನಿಸಬಹುದು. 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ನಿಜಾಮರ ಸೈನ್ಯ ಸೇರಿದ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಸುರಪುರಕ್ಕೆ ಬಂದ. ಅವನು ಸ್ವಯಂಸೇವಕನಲ್ಲ, ಸಂಬಳದ ಅಧಿಕಾರಿ. ಬ್ರಿಟಿಷರ ಹಿತ ಕಾಯಲು ಬಂದವನು. ಅದನ್ನು ಮರೆಮಾಚುವುದು ಬೇಡ. ಆದರೆ ತಂದೆಯನ್ನು ಕಳೆದುಕೊಂಡ ಬಾಲಕ ರಾಜ ವೆಂಕಟಪ್ಪ ನಾಯಕನ ಪಾಲನೆ, ಶಿಕ್ಷಣಗಳ ಹೊಣೆ ಅವನ ಮೇಲೆ ಬಿತ್ತು. ಬಾಲಕ ತನ್ನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. 1853ರವರೆಗೆ, ಅಂದರೆ ಹನ್ನೆರಡು ವರ್ಷ, ಅವನು ಇಲ್ಲಿದ್ದ. ಬೆಟ್ಟದ ಮೇಲೆ ಕಟ್ಟಿಸಿಕೊಂಡ ಮನೆ 'ಟೇಲರ್ ಮಂಜಿಲ್' ಇಂದಿಗೂ ಸುರಪುರದಲ್ಲಿ ನಿಂತಿದೆ. ಬಿಡುವಿನಲ್ಲಿ ರಾಜನಕೋಳೂರಿನ ಶಿಲಾಸಮಾಧಿಗಳನ್ನು ಅಳೆದು ಬರೆದು, ಈ ಸೀಮೆಯ ಪುರಾತತ್ತ್ವಕ್ಕೆ ಆರಂಭದ ಪುಟಗಳನ್ನೂ ಅವನೇ ಜೋಡಿಸಿದ.

ಮುಂದಿನದು ನಮಗೆಲ್ಲ ಗೊತ್ತಿರುವ ದುರಂತ. ಬೆಳೆದ ಹುಡುಗ 1858ರಲ್ಲಿ ಬ್ರಿಟಿಷರ ವಿರುದ್ಧ ಕತ್ತಿ ಹಿರಿದ, ಸೆರೆಸಿಕ್ಕ, ಚೆಂಗಲ್ಪಟ್ಟಿನ ಸೆರೆಮನೆಗೆ ಸಾಗಿಸುವ ಹಾದಿಯಲ್ಲಿ ಗುಂಡೇಟಿನಿಂದ ಅಸುನೀಗಿದ. ಸುರಪುರದ ಜನ ಇಂದು ಹೆಮ್ಮೆಯಿಂದ ನೆನೆಯುವುದು ಶಿಷ್ಯನನ್ನು. ಅದು ನ್ಯಾಯವೂ ಹೌದು. ಆದರೂ ಹನ್ನೆರಡು ವರ್ಷ ಒಂದೇ ಊರಿನಲ್ಲಿ ನಿಂತ ಆ ಪರದೇಶಿಯ ಪ್ರಸಂಗದಲ್ಲಿ ಒಂದು ಅಳತೆಗೋಲು ಸಿಗುತ್ತದೆ: ಮಗುವಿನ ಬಾಯಲ್ಲಿ 'ಅಪ್ಪಾ' ಎನಿಸಿಕೊಳ್ಳಲು ವಾರದ ಭೇಟಿ ಸಾಲದು.

ಆಮೇಲಿನ ಒಂದು ಶತಮಾನ ಸಾಮಾನ್ಯ ಮಕ್ಕಳ ಪಾಲಿಗೆ ಬಹುತೇಕ ಬರಗಾಲವೇ. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣ ಮಾಧ್ಯಮ ಉರ್ದು. ಮನೆಯಲ್ಲಿ ಕನ್ನಡ, ಸಾಲಿಯಲ್ಲಿ ಬೇರೆ ಭಾಷೆ. ಕನ್ನಡದ ಓಂ ನಾಮ ಉಳಿದದ್ದು ಮಠದ ಪೌಳಿಗಳಲ್ಲಿ, ಗಾಂವಠಿ ಶಾಲೆಗಳಲ್ಲಿ. ಅಲ್ಲಿನ ಐನೋರಿಗೆ ಸಂಬಳವೆಂಬುದು ಸುಗ್ಗಿಯಲ್ಲಿ ಅಳೆದುಕೊಡುವ ಜೋಳ. ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದ ಆ ಕಾಲದ ಸೇವೆಗೆ ಯಾವ ಪ್ರಮಾಣಪತ್ರವೂ ಇರಲಿಲ್ಲ. 1934ರಲ್ಲಿ ಕಲಬುರಗಿಯ ದೊಡ್ಡಪ್ಪ ಅಪ್ಪ ಅವರು ಶರಣಬಸವೇಶ್ವರ ವಿದ್ಯಾವರ್ಧಕ ಸಂಘ ಕಟ್ಟಿದಾಗ ಅನ್ನದಾಸೋಹದ ಪರಂಪರೆಗೆ ಅಕ್ಷರದ ದಾಸೋಹವೂ ಕೂಡಿತು. ನಿಜಾಮರ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ರ ಬಳಿಕ, ಮುಂದೆ 1956ರ ಏಕೀಕರಣದ ಬಳಿಕ, ಕನ್ನಡ ಶಾಲೆಗಳು ಊರೂರಿಗೆ ಬಂದವು. ಮಕ್ಕಳು ಬರುವುದು ಮಾತ್ರ ತಡವಾಯಿತು.

2002 ಎಂಬ ತಿರುವು

ಬಿಸಿಯೂಟವಿಲ್ಲದ ಸರ್ಕಾರಿ ಶಾಲೆಯನ್ನು ಈಗಿನ ಮಕ್ಕಳು ಊಹಿಸಲಾರರು. ಆ ಬಿಸಿಯೂಟದ ಯೋಜನೆ 'ಅಕ್ಷರ ದಾಸೋಹ' 2002ರಲ್ಲಿ ಮೊದಲು ಆರಂಭವಾದದ್ದು ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ, ಸಗರನಾಡು ಅದರೊಳಗಿತ್ತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಷನ್ ರಾಜ್ಯ ಸರ್ಕಾರದ ಜೊತೆಗೂಡಿ ಇದೇ ಭಾಗದಲ್ಲಿ 'ಕಲಿಕಾ ಖಾತರಿ' ಕಾರ್ಯಕ್ರಮ ಆರಂಭಿಸಿತು. ಶಾಲೆಗಳು ತಾವಾಗಿಯೇ ಮುಂದೆ ಬಂದು 'ನಮ್ಮ ಮಕ್ಕಳು ಕಲಿತಿದ್ದಾರೆ, ಬಂದು ಪರೀಕ್ಷಿಸಿ' ಎನ್ನಬೇಕಿತ್ತು. ಒತ್ತಾಯವಿರಲಿಲ್ಲ. ಪರೀಕ್ಷೆಗೆ ಹೆದರುವ ಮಕ್ಕಳ ಸಂಗತಿ ನಮಗೆ ಗೊತ್ತು. ಸ್ವಇಚ್ಛೆಯಿಂದ ಪರೀಕ್ಷೆಗೆ ಕುಳಿತ ಶಾಲೆಗಳ ಧೈರ್ಯವನ್ನು ಮೆಚ್ಚಲೇಬೇಕು.

ಆ ಅನುಭವದಿಂದಲೇ ಸುರಪುರ ತಾಲ್ಲೂಕಿನಲ್ಲಿ 'ಮಕ್ಕಳ ಸ್ನೇಹಿ ಶಾಲೆ' ಎಂಬ ಉಪಕ್ರಮ ಬೆಳೆಯಿತು. ಒಂದು ಇಡೀ ತಾಲ್ಲೂಕಿನ ಸರ್ಕಾರಿ ಶಾಲೆಗಳನ್ನೇ ಕೈಗೆತ್ತಿಕೊಂಡ ಅದರ ವ್ಯಾಪ್ತಿ ಬೆರಗು ಹುಟ್ಟಿಸುವಂಥದ್ದು. ಕಟ್ಟಡ, ಬಣ್ಣಗಳಿಗಿಂತ ಹೆಚ್ಚಾಗಿ ಅಲ್ಲಿ ಕೇಳಿದ ಪ್ರಶ್ನೆ ಒಂದೇ: ಮಗುವಿಗೆ ಇಲ್ಲಿ ಭಯವಾಗುತ್ತದೆಯೇ? ಶಿಕ್ಷಕರು ಶಾಲೆಯ ವೇಳೆ ಮುಗಿದ ಮೇಲೆ, ರಜಾದಿನಗಳಲ್ಲಿ, ಯಾರ ಆದೇಶವೂ ಇಲ್ಲದೆ ಒಂದೆಡೆ ಸೇರಿ ಗಣಿತ, ವಿಜ್ಞಾನ, ಭಾಷೆಗಳ ಕುರಿತು ಚರ್ಚಿಸುವ ಕಲಿಕಾ ಕೇಂದ್ರಗಳೂ ಶಿಕ್ಷಕ ವೇದಿಕೆಗಳೂ ಈ ಸೀಮೆಯಲ್ಲಿ ಹುಟ್ಟಿಕೊಂಡವು. ಸ್ವಯಂಸೇವೆಯೆಂದರೆ ಹೊರಗಿನಿಂದ ಬಂದವರು ಮಾಡುವುದು ಎಂಬ ತಿಳಿವಳಿಕೆಯನ್ನು ತಲೆಕೆಳಗು ಮಾಡಿದವರು ಇವರು. ಹತ್ತು ಗಂಟೆಯಿಂದ ನಾಲ್ಕೂವರೆವರೆಗೆ ಮಕ್ಕಳ ನಡುವೆ ಬಸವಳಿದು, ಭಾನುವಾರ ಭಿನ್ನರಾಶಿ ಕಲಿಸುವ ಹೊಸ ಬಗೆಯನ್ನು ಹುಡುಕಿ ಬೈಕ್ ಏರುವ ಮಾಸ್ತರರನ್ನು ನಾವು ಲೇಖನಗಳಲ್ಲಿ ಕೊಂಡಾಡುವುದು ಕಡಿಮೆ.

ಫೌಂಡೇಷನ್ನಿನ ಜಿಲ್ಲಾ ಸಂಸ್ಥೆ, ಶುಲ್ಕರಹಿತ ಶಾಲೆ ಈಗ ಯಾದಗಿರಿಯಲ್ಲಿವೆ. ಅದರ ಫೆಲೋಶಿಪ್ ಮೂಲಕ ನಾಡಿನ ಬೇರೆ ಬೇರೆ ಕಡೆಯ ಪದವೀಧರರು ಇಲ್ಲಿ ಮನೆ ಹಿಡಿದು, ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡಿ ಕಲಿತಿದ್ದಾರೆ. ಟಾಟಾ ಟ್ರಸ್ಟ್‌ಗಳ ಸಹವರ್ತಿ ಸಂಸ್ಥೆ 'ಕಲಿಕೆ' ಅಂಗನವಾಡಿ, ಶಾಲಾ ಗ್ರಂಥಾಲಯಗಳಲ್ಲಿ ತೊಡಗಿದೆ.

ಹೊರಗಿನಿಂದ ಬಂದವರಿಗೆ ಮೊದಲ ಪಾಠ ಕಲಿಸುವವರು ಮಕ್ಕಳೇ. ಮೈಸೂರು ಕಡೆಯ ಕನ್ನಡದಲ್ಲಿ 'ಎಲ್ಲರೂ ಸಾಲಾಗಿ ಕುಳಿತುಕೊಳ್ಳಿ' ಎಂದರೆ ಒಂದನೆಯ ತರಗತಿ ಮಿಕಮಿಕ ನೋಡುತ್ತದೆ. 'ಪಾಳಿ ಹಚ್ರಿ' ಎಂದರೆ ಕ್ಷಣದಲ್ಲಿ ಪಾಳಿ ತಯಾರು. ಲಂಬಾಣಿ ತಾಂಡಾದ ಮಗುವಿಗೆ ಕನ್ನಡವೇ ಎರಡನೆಯ ಭಾಷೆ, ಪುಸ್ತಕದ ಕನ್ನಡ ಮೂರನೆಯದು ಎನ್ನಬಹುದು. ಪಠ್ಯದಲ್ಲಿ 'ಹುಡುಕು' ಎಂದಿರುವ ಕಡೆ 'ಹುಡಕ್ಯಾಡು' ಎಂದು ಓದಿದ ಹುಡುಗನದು ತಪ್ಪಲ್ಲ, ಅರ್ಥವಾಗಿದೆ ಎಂಬುದರ ಪುರಾವೆ. ಇಷ್ಟು ಗ್ರಹಿಸಲು ಚುರುಕು ಬುದ್ಧಿಯ ತರುಣಿಗೂ ಎರಡು ಮೂರು ತಿಂಗಳು ಬೇಕಾಗುತ್ತದೆ. ಅಷ್ಟರಲ್ಲಿ ಶೇಂಗಾ ಹಿಂಡಿ, ಪುಂಡಿಪಲ್ಯ, ಕಟಕ ರೊಟ್ಟಿ ಒಗ್ಗಿರುತ್ತವೆ. ಏಪ್ರಿಲ್ ಬಿಸಿಲು ಮಾತ್ರ ಯಾರಿಗೂ ಒಗ್ಗುವುದಿಲ್ಲ, ಇಲ್ಲಿಯವರಿಗೂ.

ಗೇಣು, ಮಾರು, ಮೀಟರು

ಈ ಎಲ್ಲ ಪ್ರಯತ್ನಗಳ ಸೊಬಗನ್ನು ಒಂದೇ ನೋಟದಲ್ಲಿ ಕಾಣಬೇಕೆಂದರೆ ಮಕ್ಕಳೇ ಅಳೆದು ತೂಗಿ ತೋರಿಸುವ ಮೆಟ್ರಿಕ್ ಮೇಳ ನಡೆಯುವ ದಿನ ಹಳ್ಳಿಗೆ ಹೋಗಬೇಕು. ಅಂದು ಸಾಲಿಗುಡಿಯ ಅಂಗಳವೇ ಸಂತೆ. ಅಂಗಡಿಕಾರರೆಲ್ಲ ನಾಲ್ಕು, ಐದನೆಯ ತರಗತಿಯವರು, ಗಿರಾಕಿಗಳು ಊರಿನವರು. ಒಂದು ಮೇಜಿನಲ್ಲಿ ತೂಕ, ಇನ್ನೊಂದರಲ್ಲಿ ಎತ್ತರ, ಮತ್ತೊಂದರಲ್ಲಿ ಒಂದು ನಿಮಿಷದ ನಾಡಿಬಡಿತ. ಒಂದೆಡೆ ಕಾಯಿಪಲ್ಯದ ವ್ಯಾಪಾರ, ಚಿಲ್ಲರೆ ಲೆಕ್ಕ ಬಾಯಲ್ಲೇ.

ಎತ್ತರದ ಮೇಜಿಗೆ ರುಮಾಲು ಸುತ್ತಿದ ಮುತ್ಯಾ ಒಬ್ಬರು ಬರುತ್ತಾರೆ ಎನ್ನಿ. ಗೋಡೆಗೆ ಅಂಟಿಸಿದ ಅಳತೆಪಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸಿದ ಹುಡುಗಿ, 'ರುಮಾಲ ತಗೀರಿ ಮುತ್ಯಾ, ಅದರದೂ ಎತ್ತರ ಬರ್ತದ' ಎನ್ನುತ್ತಾಳೆ. ಸುತ್ತಲಿನವರು ನಗುತ್ತಾರೆ. ರುಮಾಲು ಕೆಳಗಿಳಿಯುತ್ತದೆ. ಸ್ಟೂಲಿನ ಮೇಲೆ ಹತ್ತಿ, ತಲೆಯ ಮೇಲೆ ಸ್ಕೇಲು ಅಡ್ಡ ಹಿಡಿದು, ಅವಳು ಓದುತ್ತಾಳೆ: 'ನೂರಾ ಅರವತ್ತೆರಡು ಸೆಂಟಿಮೀಟರ್.' ಮುತ್ಯಾನಿಗೆ ಸಮಾಧಾನವಿಲ್ಲ. 'ನಮ್ಮ ಕಾಲದಾಗ ಗೇಣು, ಮೊಳ, ಮಾರು ಇತ್ತವ್ವಾ. ನಿನ್ನ ಸೆಂಟಿಮೀಟರ್ ನನಗೇನ ತಿಳೀತದ?' ಹುಡುಗಿ ಒಂದು ಕ್ಷಣ ಯೋಚಿಸಿ, ಮುತ್ಯಾನ ಕೈಯನ್ನೇ ಮೇಜಿನ ಮೇಲೆ ಅಗಲಿಸಿ ಗೇಣು ಅಳೆಯುತ್ತಾಳೆ: 'ಇಪ್ಪತ್ತೊಂದು. ಅಂದ್ರ ನೀವು ಎಂಟು ಗೇಣಿಗೂ ಕಮ್ಮಿ ಅದೀರಿ.' ಬದಿಯಲ್ಲಿ ನಿಂತ ಸ್ವಯಂಸೇವಕ ಬಾಯಿ ಬಿಡದೆ ನೋಡುತ್ತಿರುತ್ತಾನೆ. ಅವನ ಕೆಲಸ ಹಿಂದಿನ ವಾರವೇ ಮುಗಿದಿದೆ. ಭಾಗಾಕಾರದ ಪಾಠವನ್ನು ಇಷ್ಟು ಚೆನ್ನಾಗಿ ಹೇಳಿದ ಪಠ್ಯಪುಸ್ತಕ ನನಗೆ ತಿಳಿಯದು.

ಇನ್ನೊಂದು ಬಗೆಯ ಸೇವೆಗೆ ಸಂತೆಯ ಸಡಗರವಿಲ್ಲ. 2005ರಲ್ಲಿ ಪ್ರಥಮ್ ಸಂಸ್ಥೆ ಆರಂಭಿಸಿದ 'ಅಸರ್' ಸಮೀಕ್ಷೆ ಯಾದಗಿರಿಯನ್ನೂ ಒಳಗೊಂಡು ದೇಶದ ಗ್ರಾಮೀಣ ಜಿಲ್ಲೆಗಳನ್ನು ಸುತ್ತುತ್ತದೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ಆಯಾ ಜಿಲ್ಲೆಯ ಕಾಲೇಜುಗಳ, ಸ್ಥಳೀಯ ಸಂಸ್ಥೆಗಳ ಯುವಜನರೇ ಸಮೀಕ್ಷಕರು. ಊರನ್ನು ನಾಲ್ಕು ಭಾಗ ಮಾಡಿ, ಪ್ರತಿ ಐದನೆಯ ಮನೆಯ ಬಾಗಿಲಿಗೆ ಹೋಗಿ, ಮಗುವನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದು ಹಾಳೆ ಮುಂದಿಡುತ್ತಾರೆ. ಅಕ್ಷರ, ಪದ, ಒಂದನೆಯ ತರಗತಿಯ ನಾಲ್ಕು ಸಾಲು, ಎರಡನೆಯ ತರಗತಿಯ ಪುಟ್ಟ ಕಥೆ. ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಕಥೆಯ ಮುಂದೆ ತಡವರಿಸುವುದನ್ನು ಎದುರಿಗೆ ಕುಳಿತು ಕೇಳಿದ ಪದವಿ ವಿದ್ಯಾರ್ಥಿ ಮತ್ತೆ ಮೊದಲಿನಂತಿರುವುದಿಲ್ಲ. ಮಗುವಿನ ಅಜ್ಜಿ ಒಲೆಯ ಮುಂದಿನಿಂದಲೇ 'ಹ್ಯಾಂಗ ಓದ್ಯಾನ್ರಿ ನಮ್ಮ ಹುಡುಗ?' ಎಂದು ಕೇಳಿದಾಗ ಕೊಡಬೇಕಾದ ಉತ್ತರ ಆ ಹಾಳೆಯಲ್ಲಿಲ್ಲ.

ದೂರದ ಒಂದು ಕನ್ನಡಿ

ಮಕ್ಕಳ ನಡುವೆ ಸೇವೆ ಮಾಡಲು ದೇಶಾಂತರ ಹೋಗುವುದು ಇಂದು ಜಗತ್ತಿನಾದ್ಯಂತ ದೊಡ್ಡ ಪ್ರವೃತ್ತಿ. ದಕ್ಷಿಣ ಆಫ್ರಿಕಾದ ಕ್ವಾಜುಲು-ನೇಟಲ್ ಪ್ರಾಂತ್ಯದ ಬಡ ಜುಲು ಹಳ್ಳಿಗಳಿಗೆ ಯುರೋಪು, ಅಮೆರಿಕಗಳ ತರುಣರು ಶಾಲೆ ಕಾಲೇಜುಗಳ ನಡುವಿನ ಬಿಡುವಿನಲ್ಲಿ ಬಂದು ಹಾಡು ಕಲಿಸಿ, ಗೋಡೆಗೆ ಬಣ್ಣ ಹಚ್ಚಿ, ಫೋಟೊ ತೆಗೆಸಿಕೊಂಡು ಮರಳುತ್ತಾರೆ. ಅವರ ಪ್ರೀತಿ ಸುಳ್ಳಲ್ಲ. ಆದರೆ ಪ್ರತಿ ತಿಂಗಳೂ ಹೊಸ ಅಕ್ಕನಿಗೆ ಒಗ್ಗಿ, ಪ್ರತಿ ತಿಂಗಳೂ ಕೈಬೀಸುವ ಮಗುವಿನ ಪಾಡೇನು ಎಂಬ ಪ್ರಶ್ನೆ ಅಲ್ಲೂ ಎದ್ದಿದೆ. ಅದೇ ಪ್ರಾಂತ್ಯದ ಇನಾಂಡಾದಲ್ಲಿ ಜುಲು ಜನಾಂಗದವರೇ ಆದ ಜಾನ್ ದುಬೆ ಕಳೆದ ಶತಮಾನದ ಆರಂಭದಲ್ಲಿ ತಮ್ಮವರಿಗಾಗಿ ಓಹ್ಲಾಂಗೆ ಶಾಲೆಯನ್ನು ಕಟ್ಟಿದರು. 1994ರಲ್ಲಿ ನೆಲ್ಸನ್ ಮಂಡೇಲಾ ತಮ್ಮ ಜೀವನದ ಮೊದಲ ಮತ ಹಾಕಲು ಆರಿಸಿಕೊಂಡದ್ದು ಆ ಶಾಲೆಯನ್ನೇ. ಊರವನು ಕಟ್ಟಿದ ಶಾಲೆ ತೊಂಬತ್ತು ವರ್ಷ ದಾಟಿ ನಿಂತಿತ್ತು.

ಸಗರನಾಡಿನಲ್ಲಿ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ. ಇಲ್ಲಿ ಬಿಟ್ಟು ಹೋಗುವವರು ಅಕ್ಕಂದಿರಷ್ಟೇ ಅಲ್ಲ, ಮಕ್ಕಳೂ ಹೋಗುತ್ತಾರೆ. ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಯ ನೀರು ಕಾಲುವೆಯಲ್ಲಿ ಹರಿದ ಕಡೆ ಭತ್ತ ಹಸುರಾಗಿದೆ. ನೀರು ತಲುಪದ ಕಡೆ ತೊಗರಿ, ಹತ್ತಿ ಕೈಕೊಟ್ಟರೆ ಉಳಿಯುವುದು ಗುಳೆ. ದೀಪಾವಳಿ ಕಳೆಯುತ್ತಿದ್ದಂತೆ ಗಂಟುಮೂಟೆ ಕಟ್ಟಿದ ಕುಟುಂಬಗಳು ಯಾದಗಿರಿಯ ರೈಲು ನಿಲ್ದಾಣದಲ್ಲಿ, ಶಹಾಪುರ, ಸುರಪುರಗಳ ಬಸ್ ನಿಲ್ದಾಣದಲ್ಲಿ ಕಾಣುತ್ತವೆ. ಬೆಂಗಳೂರು, ಮುಂಬೈ, ಪುಣೆಗಳ ಬಹುಮಹಡಿ ಕಟ್ಟಡಗಳ ಬುಡದಲ್ಲಿ ನೀಲಿ ತಾಡಪತ್ರಿಯ ಜೋಪಡಿಗಳು ಏಳುತ್ತವೆ. ಹಳ್ಳಿಯ ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತದೆ. ಹಾಗೆ ಹೋದ ಮಕ್ಕಳನ್ನು ಮಹಾನಗರದಲ್ಲಿ ಹುಡುಕಿ ಟೆಂಟ್ ಶಾಲೆಗಳಲ್ಲಿ ಕೂರಿಸಿ ಪಾಠ ಹೇಳುವ ಬೆಂಗಳೂರಿನ ತರುಣರೂ ಸಗರನಾಡಿನ ಸ್ವಯಂಸೇವಕರೇ, ಈ ಊರುಗಳ ಮುಖ ನೋಡದಿದ್ದರೂ.

2020ರ ಕೋವಿಡ್ ಇದೆಲ್ಲವನ್ನೂ ಒಮ್ಮೆಗೇ ಬಯಲಿಗೆ ತಂದಿತು. ಗುಳೆ ಹೋದವರು ಮರಳಿದರು, ಶಾಲೆಗಳು ಮುಚ್ಚಿದವು, ಮೊಬೈಲ್ ಪಾಠ ಎಂಬುದು ಇಡೀ ಮನೆಗೆ ಒಂದೇ ಫೋನಿರುವ ಊರಿನಲ್ಲಿ ತಮಾಷೆಯ ಮಾತಾಯಿತು. ಆಗ 'ವಿದ್ಯಾಗಮ' ಕಾರ್ಯಕ್ರಮದಡಿ ಶಿಕ್ಷಕರೇ ಊರೊಳಗೆ ಬಂದರು. ಹನುಮಂತದೇವರ ಗುಡಿಯ ಕಟ್ಟೆ, ಬೇವಿನ ಮರದ ನೆರಳು, ಸಮುದಾಯ ಭವನ, ಎಲ್ಲವೂ ಸಾಲಿಗುಡಿಗಳಾದವು. ಅದೇ ವರ್ಷ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆ ಆರಂಭಿಸಿದ 'ಓದುವ ಬೆಳಕು' ಅಭಿಯಾನ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯದ ಸದಸ್ಯತ್ವವನ್ನು ಉಚಿತವಾಗಿಸಿತು. ಇಂದು 'ಅರಿವು ಕೇಂದ್ರ'ಗಳೆನಿಸಿರುವ ಆ ಗ್ರಂಥಾಲಯಗಳಲ್ಲಿ ಬೇಕಿರುವುದು ಕಥೆ ಓದಿ ಹೇಳುವ ಒಂದು ದನಿ.

ಸ್ಥಿತಿಗತಿ ಸುಧಾರಿಸಿದೆಯೇ? ಸುಧಾರಿಸಿದೆ, ಆದರೆ ಹಬ್ಬ ಮಾಡುವಷ್ಟಲ್ಲ. 2021ರ ಡಿಸೆಂಬರ್‌ನಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಅಥವಾ ಬಾಳೆಹಣ್ಣು ಕೊಡುವ ಯೋಜನೆ ಮೊದಲು ಜಾರಿಯಾದ ಜಿಲ್ಲೆಗಳಲ್ಲಿ ಯಾದಗಿರಿಯೂ ಒಂದು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ನಡೆಸಿದ ಅಧ್ಯಯನದಲ್ಲಿ, ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳಿಗಿಂತ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂತು. ಮೊಟ್ಟೆಯ ಸುತ್ತಲಿನ ವಿವಾದಗಳು ಏನೇ ಇರಲಿ, ತಕ್ಕಡಿ ಹೇಳಿದ ಮಾತು ಅದು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಮೂರು ವರ್ಷಕ್ಕೆ 1,500 ಕೋಟಿ ರೂಪಾಯಿ ನೀಡುವ ಒಪ್ಪಂದವಾಗಿ, ರಾಜ್ಯದಾದ್ಯಂತ ವಾರಕ್ಕೆ ಆರು ದಿನ ಮೊಟ್ಟೆ ಕೊಡುವುದು ಸಾಧ್ಯವಾಯಿತು. ಅದೇ 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ ಶೇ 50.59ರೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಅಂಗನವಾಡಿ, ಪ್ರಾಥಮಿಕ ಹಂತಗಳಲ್ಲಿ ಸುರಿದ ಬೆವರು ಹತ್ತನೆಯ ತರಗತಿಯ ಅಂಕಪಟ್ಟಿ ತಲುಪಲು ದೀರ್ಘಕಾಲ ಬೇಕು. ಖಾಲಿ ಶಿಕ್ಷಕ ಹುದ್ದೆ ತುಂಬುವ ಕೆಲಸವನ್ನು ಯಾವ ಸ್ವಯಂಸೇವಕನೂ ಸರ್ಕಾರದ ಪರವಾಗಿ ಮಾಡಲಾರ.

ಇಲ್ಲಿಗೆ ಬಂದು ಮಕ್ಕಳೊಡನೆ ಕೆಲಸ ಮಾಡಬೇಕೆನ್ನುವವರು ಬೇಸಿಗೆ ಶಿಬಿರಕ್ಕೆ ಬರುವುದಕ್ಕಿಂತ ಜೂನ್ ಮೊದಲ ವಾರದಲ್ಲಿ ಬರುವುದು ಒಳ್ಳೆಯದು. ಶಾಲೆ ಆರಂಭವಾಗುವುದು ಆಗ, ಊರು ತುಂಬಿರುವುದೂ ಆಗ. ಗುಳೆಗೆ ಹೊರಡುವ ದೀಪಾವಳಿಯವರೆಗೆ ಐದು ತಿಂಗಳಿವೆ. ಅಷ್ಟರೊಳಗೆ ಪ್ರತಿ ಮಗುವಿನ ಹೆಸರು, ಮನೆ, ಓದುವ ಮಟ್ಟ ತಿಳಿದಿರುವ ಒಬ್ಬರು ಊರಿನಲ್ಲಿದ್ದರೆ, ಡಿಸೆಂಬರ್‌ನಲ್ಲಿ ಯಾರು ಬಂದಿಲ್ಲ, ಎಲ್ಲಿಗೆ ಹೋದರು ಎಂದು ಕೇಳಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕರನ್ನೂ, ಶಾಲೆಯ ಮುಖ್ಯಗುರುಗಳನ್ನೂ ಮೊದಲು ಕಾಣಿರಿ. ಇಲ್ಲಿಯ ಕನ್ನಡವನ್ನು ಮಕ್ಕಳೇ ಕಲಿಸುತ್ತಾರೆ.